ಆಟಿಸಂ ಉಳ್ಳ ಮಗು ಮತ್ತು ಹೊಸ ತರಗತಿ

ಮುಂಬಯಿಯಲ್ಲಿ ಮಳೆಯೂ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಬೇಸಿಗೆಯ ರಜೆಗೆಂದು ಊರಿಗೆ ತೆರಳಿದ ನಮ್ಮ ಕುಟುಂಬಗಳು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿಯೋ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿಯೋ ಹಪ್ಪಳ ಉಪ್ಪಿನಕಾಯಿಗಳ ಗಂಟಿನೊಡನೆ ಮರಳುವುದು, ಎರಡು ದಿನಗಳಲ್ಲಿ ಸಮವಸ್ತ್ರ, ಬೂಟು, ರೈನ್‌ಕೋಟುಗಳ ಖರೀದಿ ಮುಗಿಸುವುದು, ಜೂನ್ ನಡುವಿಗೆ ಮಗುವನ್ನು ಹೊಸ ತರಗತಿಯ ಬಾಗಿಲಲ್ಲಿ ಬಿಟ್ಟು ಲೋಕಲ್ ಹಿಡಿಯಲು ಓಡುವುದು, ಇದು ಇಲ್ಲಿನ ಸಾವಿರಾರು ಕನ್ನಡ ಮನೆಗಳ ವಾರ್ಷಿಕ ಕ್ರಮ. ಹೆಚ್ಚಿನ ಮಕ್ಕಳು ಒಂದೆರಡು ದಿನ ಅತ್ತು, ಮೂರನೆಯ ದಿನ ಪಕ್ಕದ ಬೆಂಚಿನವನ ಸ್ನೇಹ ಮಾಡಿಕೊಳ್ಳುತ್ತಾರೆ. ಆಟಿಸಂ ಉಳ್ಳ ಮಗುವಿನ ವಿಷಯದಲ್ಲಿ ಹಾಗಾಗುವುದಿಲ್ಲ. ಅದಕ್ಕೆ ‘ಹೊಸತು’ ಎಂಬುದೇ ಸಂಕಟದ ಮೂಲ.

ಈ ಲೇಖಕ ವೈದ್ಯನಲ್ಲ, ಶಿಕ್ಷಣತಜ್ಞನೂ ಅಲ್ಲ. ಬ್ಯಾಂಕಿನಲ್ಲಿ ಲೆಕ್ಕಪತ್ರಗಳೊಡನೆ ಕಾಲ ಕಳೆಯುವವನು. ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಬರೆಯಲು ನನಗಿರುವ ಅಧಿಕಾರ ಒಂದೇ: ನನ್ನ ಮಗನಿಗೆ ಆಟಿಸಂ ಇದೆ. ಅವನ ತಾಯಿಯೂ ನಾನೂ ತಪ್ಪು ಮಾಡಿ ಕಲಿತದ್ದನ್ನು ಇನ್ನೊಂದು ಮನೆಯವರು ತಪ್ಪು ಮಾಡದೆಯೇ ಕಲಿಯುವಂತಾಗಲಿ ಎಂದು ಈ ಬರಹ.

ಸಂಕಟದ ಸ್ವರೂಪ

ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಹೆಸರು ರೂಢಿಗೆ ಬಂದಿದೆ. ಹೆಸರು ಅಂದವಾಗಿದ್ದರೂ ಸ್ವಲ್ಪ ದಾರಿ ತಪ್ಪಿಸುವಂಥದು. ತನ್ನಲ್ಲಿಯೇ ಲೀನವಾದ ಮಗುವಿಗೆ ಹೊರಜಗತ್ತು ಬೇಕಾಗಿಲ್ಲ ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಎಷ್ಟೋ ಮಕ್ಕಳ ತೊಂದರೆ ಇದಕ್ಕೆ ತೀರ ವಿರುದ್ಧವಾದುದು. ಹೊರಜಗತ್ತು ಅವರೊಳಗೆ ಅಳತೆ ಮೀರಿ ನುಗ್ಗುತ್ತದೆ. ಆದ್ದರಿಂದ ಇಲ್ಲಿ ಆಟಿಸಂ ಎಂಬ ಪದವನ್ನೇ ಬಳಸಿದ್ದೇನೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಎಂಬವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಆ ಮಕ್ಕಳಲ್ಲಿ ಅವರು ಕಂಡ ಮುಖ್ಯ ಲಕ್ಷಣಗಳು ಎರಡು. ಇತರರೊಡನೆ ಬೆರೆಯುವಲ್ಲಿ ಇದ್ದ ಕಷ್ಟ ಒಂದು. ಸುತ್ತಲಿನದೆಲ್ಲ ಇದ್ದಂತೆಯೇ ಇರಬೇಕೆಂಬ, ಭಯದಿಂದ ಕೂಡಿದ ಹಂಬಲ ಇನ್ನೊಂದು. ಕುರ್ಚಿ ಇದ್ದಲ್ಲಿಯೇ ಇರಬೇಕು, ಹೋದ ದಾರಿಯಲ್ಲಿಯೇ ಮರಳಬೇಕು, ಊಟದ ತಟ್ಟೆ ಅದೇ ಆಗಿರಬೇಕು. ಮೂರನೆಯದೊಂದು ಸಂಗತಿಗೆ ಸಲ್ಲಬೇಕಾದ ಸ್ಥಾನ ದೊರೆಯಲು ಬಹಳ ಕಾಲ ಹಿಡಿಯಿತು. 2013ರಲ್ಲಿ ಅಮೆರಿಕದ ಮನೋವೈದ್ಯ ಸಂಘ ಹೊರತಂದ ಕೈಪಿಡಿಯಲ್ಲಿ, ಸದ್ದು, ಬೆಳಕು, ಸ್ಪರ್ಶ, ವಾಸನೆಗಳಿಗೆ ಈ ಮಕ್ಕಳು ಅತಿಯಾಗಿಯೋ ಅತ್ಯಲ್ಪವಾಗಿಯೋ ಪ್ರತಿಕ್ರಿಯಿಸುತ್ತಾರೆ ಎಂಬುದು ಆಟಿಸಂನ ಲಕ್ಷಣಗಳ ಪಟ್ಟಿಯಲ್ಲಿಯೇ ಸೇರಿತು.

ಇದು ಮಿದುಳಿನ ಬೆಳವಣಿಗೆಯ ರೀತಿಯಲ್ಲಿಯೇ ಇರುವ ಭಿನ್ನತೆ. ಅಂಟುರೋಗವೂ ಅಲ್ಲ, ಶಾಪವೂ ಅಲ್ಲ. ತಾಯಿಯ ಪ್ರೀತಿ ಸಾಲದೆ ಹೀಗಾಯಿತೆಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ಹೇಳಿದರು. ಲಸಿಕೆಯಿಂದ ಆಯಿತೆಂದು 1998ರಲ್ಲಿ ಪ್ರಕಟವಾದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಎರಡೂ ಸುಳ್ಳೆಂದು ಸಿದ್ಧವಾಗಿದ್ದರೂ ಮದುವೆ ಮುಂಜಿಗಳಲ್ಲಿ ಮಗುವಿನ ತಾಯಿ ಇವುಗಳನ್ನು ಇಂದಿಗೂ ಕೇಳಬೇಕಾಗುತ್ತದೆ.

ಈಗ ನಮ್ಮ ನಗರದ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿರಿ. ಐವತ್ತರ ಸುತ್ತ ಮಕ್ಕಳು, ಗಡಗಡ ಎನ್ನುವ ಫ್ಯಾನು, ನೆಲಕ್ಕೆ ಉಜ್ಜುವ ಬೆಂಚುಗಳು, ಮಿಣುಗುಟ್ಟುವ ಟ್ಯೂಬ್‌ಲೈಟು, ಒದ್ದೆ ರೈನ್‌ಕೋಟುಗಳ ವಾಸನೆ, ಹೊರಗೆ ರಿಕ್ಷಾಗಳ ಹಾರ್ನು, ನಡುನಡುವೆ ಎದೆ ಝಲ್ಲೆನ್ನುವಂತೆ ಗಂಟೆ. ನಮ್ಮ ನಿಮ್ಮ ಮಿದುಳು ಬೇಡವಾದುದನ್ನು ಸೋಸಿ, ಶಿಕ್ಷಕಿಯ ಧ್ವನಿಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಈ ಮಗುವಿಗೆ ಎಲ್ಲವೂ ಒಂದೇ ಎತ್ತರದಲ್ಲಿ ಕೇಳಿಸುತ್ತಿರಬಹುದು. ಅದರ ಮೇಲೆ, ಮುಂದಿನ ಗಳಿಗೆಯಲ್ಲಿ ಏನಾಗುವುದೆಂಬುದು ತಿಳಿಯದು. ಮನೆಗೆ ಎಂದು ಹೋಗುವೆನೆಂಬುದೂ ತಿಳಿಯದು.

ಹಟ ಮತ್ತು ಈ ಸ್ಥಿತಿಯ ನಡುವಣ ಅಂತರವನ್ನು ಶಿಕ್ಷಕರೂ ಪಾಲಕರೂ ಅರಿಯಬೇಕು. ಹಟ ಮಾಡುವ ಮಗು ಬೇಕಾದುದು ಸಿಕ್ಕೊಡನೆ ನಿಲ್ಲಿಸುತ್ತದೆ. ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಿನಿಂದ ನೋಡಿಕೊಳ್ಳುತ್ತದೆ. ಭಾರ ಮೀರಿ ಕುಸಿದ ಮಗು ಯಾರನ್ನೂ ನೋಡುವುದಿಲ್ಲ. ಏನು ಕೊಟ್ಟರೂ ಆ ಕ್ಷಣದಲ್ಲಿ ಸುಮ್ಮನಾಗುವುದಿಲ್ಲ. ಆಗ ಉಪದೇಶ ಕೂಡದು. ಮಾತು ಕಡಿಮೆ ಮಾಡಿ, ಸದ್ದಿಲ್ಲದ ಜಾಗಕ್ಕೆ ಕರೆದೊಯ್ದು, ಹತ್ತಿರದಲ್ಲಿ ಕುಳಿತು ಕಾಯುವುದೊಂದೇ ದಾರಿ.

ನಮ್ಮ ತಪ್ಪು

ಆರು ವರ್ಷದ ನಮ್ಮ ಮಗ ಹನ್ನೆರಡು ಮಕ್ಕಳ ಬಾಲವಾಡಿಯಿಂದ ಡೊಂಬಿವಲಿಯ ಒಂದು ದೊಡ್ಡ ಶಾಲೆಯ ಒಂದನೆಯ ತರಗತಿಗೆ ಹೋದನು. ಎರಡು ವರ್ಷ ಹಿಂದೆಯೇ ವೈದ್ಯರು ಆಟಿಸಂ ಎಂದು ಹೇಳಿದ್ದರು. ಪ್ರವೇಶ ಪತ್ರದಲ್ಲಿ ‘ಆರೋಗ್ಯದ ವಿಶೇಷ ಸಂಗತಿಗಳು’ ಎಂಬ ಸಾಲಿನಲ್ಲಿ ನಾನು ‘ಇಲ್ಲ’ ಎಂದು ಬರೆದೆ. ಸೀಟು ತಪ್ಪೀತೆಂಬ ಹೆದರಿಕೆ ಒಂದು ಕಡೆ. ಅದೇ ಶಾಲೆಯಲ್ಲಿ ನಮ್ಮ ಬಳಗದ ಮಕ್ಕಳಿದ್ದುದರಿಂದ ಸುದ್ದಿ ಊರಿನವರೆಗೂ ಹೋದೀತೆಂಬ ಸಂಕೋಚ ಇನ್ನೊಂದು ಕಡೆ. ಸಾಲದ ಅರ್ಜಿಯಲ್ಲಿ ಹಳೆಯ ಬಾಕಿ ಮುಚ್ಚಿಟ್ಟ ಗ್ರಾಹಕನ ಮೇಲೆ ಸಿಡಿಮಿಡಿಗೊಳ್ಳುವ ಮನುಷ್ಯ ನಾನು!

ಮೂರನೆಯ ದಿನ ಹನ್ನೊಂದೂವರೆಗೆ ಕಚೇರಿಗೆ ಫೋನು ಬಂದಿತು. ಹೋಗಿ ನೋಡಿದರೆ ಮಗ ಬೆಂಚಿನ ಕೆಳಗೆ, ಕಿವಿಗಳನ್ನು ಎರಡು ಕೈಗಳಿಂದ ಒತ್ತಿ ಹಿಡಿದು, ಲೋಕಲ್ ರೈಲಿನ ಸೂಚನೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದಾನೆ: “ಪುಢೀಲ್ ಸ್ಟೇಷನ್ ಠಾಣೆ, ಅಗಲಾ ಸ್ಟೇಷನ್ ಠಾಣೆ, ನೆಕ್ಸ್ಟ್ ಸ್ಟೇಷನ್ ಠಾಣೆ.” ಬಹಳ ಹಟಮಾರಿ, ಮನೆಯಲ್ಲಿ ಮುದ್ದು ಹೆಚ್ಚಾಗಿದೆ ಎಂದು ಶಿಕ್ಷಕಿ ಹೇಳಿದರು. ಅವರನ್ನು ದೂರುವಂತಿಲ್ಲ; ಅವರಿಗೆ ನಿಜ ತಿಳಿಸಿದವರು ಯಾರು? ದಾರಿಯುದ್ದಕ್ಕೂ ನಾನೂ ಅವನನ್ನು ಗದರಿದೆ. ಮನೆಗೆ ಬಂದ ಮೇಲೆ ಅವನ ಶರ್ಟಿನ ಕಾಲರಿನ ಒಳಗೆ, ಹೊಸ ಸಮವಸ್ತ್ರದ ಲೇಬಲ್ ಉಜ್ಜಿ ಕತ್ತು ಕೆಂಪಾಗಿದ್ದುದನ್ನು ಅವನ ತಾಯಿ ತೋರಿಸಿದಳು. ಮೂರು ದಿನಗಳಿಂದ ಅವನು ಅದನ್ನೂ ಸಹಿಸಿದ್ದನು, ಹೇಳಲು ಮಾತಿರಲಿಲ್ಲ.

ಆ ವರ್ಷ ಅವನನ್ನು ಶಾಲೆ ಬಿಡಿಸಿದೆವು. ಮರುವರ್ಷ ಮನೆಗೆ ಹತ್ತಿರದ, ಮಕ್ಕಳ ಸಂಖ್ಯೆ ಕಡಿಮೆಯಿರುವ ಇನ್ನೊಂದು ಶಾಲೆಗೆ, ಈ ಬಾರಿ ಎಲ್ಲವನ್ನೂ ಹೇಳಿಯೇ ಸೇರಿಸಿದೆವು. ಮುಂದೆ ಬರೆಯುವುದು ಆ ಎರಡನೆಯ ಬಾರಿಯ ಸಿದ್ಧತೆಯನ್ನು ಕುರಿತು.

ಮೇ ತಿಂಗಳಿನಲ್ಲಿಯೇ ಆರಂಭ

ಮೊದಲನೆಯದಾಗಿ, ಊರಿನಿಂದ ಹತ್ತು ದಿನ ಮುಂಚಿತವಾಗಿ ಮರಳಬೇಕು. ಒಂದು ತಿಂಗಳು ಅಂಗಳ, ಬಾವಿಕಟ್ಟೆ, ಅಜ್ಜಿಯ ಮಡಿಲುಗಳಲ್ಲಿದ್ದ ಮಗುವಿಗೆ ಎರಡು ಕೋಣೆಗಳ ಮನೆಯೇ ಮತ್ತೊಮ್ಮೆ ಹೊಸತಾಗಿರುತ್ತದೆ. ಒಂದು ಬದಲಾವಣೆಯನ್ನು ಜೀರ್ಣಿಸಿಕೊಂಡ ಮೇಲೆ ಇನ್ನೊಂದು ಬರಬೇಕು.

ಸಮವಸ್ತ್ರವನ್ನು ಮೇ ತಿಂಗಳಿನಲ್ಲಿಯೇ ಕೊಂಡು, ಲೇಬಲ್ ಕತ್ತರಿಸಿ, ಗಂಜಿ ಬಿಡುವವರೆಗೆ ನಾಲ್ಕಾರು ಬಾರಿ ಒಗೆದು, ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ತೊಡಿಸುವುದು. ಬೂಟು, ರೈನ್‌ಕೋಟುಗಳಿಗೂ ಇದೇ ಕ್ರಮ. ಬಿಸಿಲಿನಲ್ಲಿ ರೈನ್‌ಕೋಟು ಹಾಕಿಕೊಂಡು ಮೆಟ್ಟಿಲು ಇಳಿಯುವ ಹುಡುಗನನ್ನು ನೋಡಿ ಸೊಸೈಟಿಯ ಕಾವಲುಗಾರ ನಕ್ಕರೆ ನಗಲಿ.

ಶಾಲೆ ತೆರೆಯುವ ಮೊದಲ ವಾರದಲ್ಲಿ ಮುಖ್ಯಾಧ್ಯಾಪಕರ ಅನುಮತಿ ಪಡೆದು, ಖಾಲಿ ತರಗತಿಗೆ ಮಗುವನ್ನು ಎರಡು ಮೂರು ಬಾರಿ ಕರೆದೊಯ್ಯಬೇಕು. ಗೇಟು, ಮೆಟ್ಟಿಲು, ಅವನು ಕೂರಲಿರುವ ಬೆಂಚು, ನೀರಿನ ನಲ್ಲಿ, ಶೌಚಾಲಯ ಇವುಗಳ ಛಾಯಾಚಿತ್ರಗಳನ್ನು ತೆಗೆದು ಒಂದು ಸಣ್ಣ ಪುಸ್ತಕದಂತೆ ಹೊಲಿದು, ರಾತ್ರಿ ಕಥೆಯಂತೆ ಓದಿ ಹೇಳಬಹುದು. ಶೌಚಾಲಯವನ್ನು ಮರೆಯಕೂಡದು. ಫ್ಲಶ್ಶಿನ ಸದ್ದಿಗೆ ಹೆದರಿ ದಿನವಿಡೀ ತಡೆದುಕೊಂಡಿರುವ ಮಕ್ಕಳುಂಟು. ಮಧ್ಯಾಹ್ನದ ಅಳುವಿಗೆ ಅದೇ ಕಾರಣವೆಂಬುದು ಯಾರಿಗೂ ಹೊಳೆಯುವುದಿಲ್ಲ. ಗಂಟೆಯ ಸದ್ದನ್ನು ನಾವು ಮೊಬೈಲಿನಲ್ಲಿ ಹಿಡಿದು ತಂದು, ಮೊದಲು ತೀರ ಸಣ್ಣದಾಗಿ, ದಿನದಿನಕ್ಕೆ ತುಸು ದೊಡ್ಡದಾಗಿ, ಅವನ ಕೈಗೇ ಬಟನ್ ಕೊಟ್ಟು ಕೇಳಿಸಿದೆವು. ತಾನೇ ಬಾರಿಸಬಲ್ಲ ಗಂಟೆಗೆ ಅವನು ಅಷ್ಟಾಗಿ ಹೆದರಲಿಲ್ಲ.

ದಿನಚರಿಯನ್ನು ಚಿತ್ರಗಳಲ್ಲಿ ತೋರಿಸುವುದು ಈ ಎಲ್ಲ ಉಪಾಯಗಳಲ್ಲಿ ಮುಖ್ಯವಾದುದು. ಎರಿಕ್ ಶೋಪ್ಲರ್ ಎಂಬವರು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಆರಂಭಿಸಿದ, 1972ರಲ್ಲಿ ಆ ರಾಜ್ಯವಿಡೀ ಹಬ್ಬಿದ ಶಿಕ್ಷಣ ಕ್ರಮದಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಕೇಳಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಕಂಡ ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ ಎಂಬುದು ಇದರ ಸರಳ ತತ್ತ್ವ. ನಮ್ಮವನಿಗೆ ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ವರೆಗಿನ ನಿಲ್ದಾಣಗಳೆಲ್ಲ ಕ್ರಮವಾಗಿ ಬಾಯಿಪಾಠ. ಗಾಡಿಯೊಳಗೆ ಬಾಗಿಲ ಮೇಲಿರುವ ಮಾರ್ಗದ ನಕಾಶೆಯೆಂದರೆ ಪ್ರಾಣ. ಆದುದರಿಂದ ಅವನ ತಾಯಿ ಶಾಲೆಯ ದಿನವನ್ನೇ ಒಂದು ರೈಲುಮಾರ್ಗವಾಗಿ ಬರೆದಳು. ಮೊದಲ ನಿಲ್ದಾಣ ಗೇಟು. ಬಳಿಕ ಪ್ರಾರ್ಥನೆ, ಗಣಿತ, ಡಬ್ಬಿ, ಚಿತ್ರಕಲೆ, ಆಟ. ಕೊನೆಯ ನಿಲ್ದಾಣ ಮನೆ. ಪ್ರತಿಯೊಂದು ಮುಗಿದಂತೆ ಒಂದು ಕೆಂಪು ಬಟನನ್ನು ಮುಂದಿನ ನಿಲ್ದಾಣಕ್ಕೆ ಸರಿಸುವುದು ಅವನ ಕೆಲಸ. ಬೆಂಚಿನ ಕೆಳಗಿನ ಆ ದಿನ ಅವನು ಕೇಳುತ್ತಿದ್ದ ಪ್ರಶ್ನೆ ಅದೇ ಆಗಿತ್ತೆಂಬುದು ನನಗೆ ಅರ್ಥವಾದುದು ಆಗ: ಮುಂದಿನ ನಿಲ್ದಾಣ ಯಾವುದು?

ಇದಕ್ಕೆ ಒಂದು ಅನುಬಂಧವೂ ಬೇಕಾಯಿತು. ಜೋರು ಮಳೆಯಿಂದ ರಜೆ ಘೋಷಣೆಯಾಗುತ್ತದೆ, ಶಿಕ್ಷಕಿ ಬರುವುದಿಲ್ಲ, ಆಟದ ಪೀರಿಯಡ್ ರದ್ದಾಗುತ್ತದೆ. ಮಧ್ಯ ರೈಲ್ವೆಯ ಪ್ರಯಾಣಿಕರಿಗೆ ರವಿವಾರದ ಮೆಗಾ ಬ್ಲಾಕ್ ಚಿರಪರಿಚಿತ. ನಮ್ಮ ಮಗನಿಗೂ ಅಷ್ಟೇ. ಹಳದಿ ರಟ್ಟಿನ ಮೇಲೆ ‘ಮೆಗಾ ಬ್ಲಾಕ್’ ಎಂದು ಬರೆದ ಚೀಟಿಯೊಂದು ಶಿಕ್ಷಕಿಯ ಬಳಿಯಲ್ಲಿರುತ್ತದೆ. ಏನಾದರೂ ಬದಲಾದರೆ ಆ ನಿಲ್ದಾಣದ ಮೇಲೆ ಅದನ್ನು ಅಂಟಿಸುತ್ತಾರೆ. ಅವನಿಗೆ ಬೇಸರವಾಗುತ್ತದೆ, ಆದರೆ ಆಕಾಶ ಕಳಚಿ ಬೀಳುವುದಿಲ್ಲ. ಬೇರೆ ಮಗುವಿಗೆ ರೈಲಿನ ಬದಲು ಲಿಫ್ಟು, ಕ್ರಿಕೆಟ್ಟು, ಗಣಪತಿ, ಯಾವುದಾದರೂ ಆದೀತು. ಅದಕ್ಕೆ ಪ್ರಿಯವಾದುದರಿಂದಲೇ ಆರಂಭಿಸಬೇಕು.

ಮೊದಲ ವಾರ ದಿನಕ್ಕೆ ಒಂದು ಗಂಟೆ, ಎರಡನೆಯ ವಾರ ಡಬ್ಬಿಯವರೆಗೆ, ಹೀಗೆ ಹೆಚ್ಚಿಸುತ್ತ ಹೋದೆವು. ಇತರರಿಗಿಂತ ಹತ್ತು ನಿಮಿಷ ಮುಂಚೆ ಒಳಗೆ ಬಿಡಲು ಶಾಲೆಯವರು ಒಪ್ಪಿದರು. ಗೇಟಿನ ನೂಕುನುಗ್ಗಲು ತಪ್ಪಿತು. ಡಬ್ಬಿಯಲ್ಲಿ ಆ ತಿಂಗಳು ಹೊಸ ತಿಂಡಿ ಯಾವುದೂ ಬೇಡ. ದಿನವೂ ಇಡ್ಲಿಯಾದರೆ ಇಡ್ಲಿಯೇ. ಸಂಜೆ ಮನೆಗೆ ಬಂದೊಡನೆ ‘ಇಂದು ಏನು ಕಲಿತೆ’ ಎಂಬ ವಿಚಾರಣೆಯೂ ಬೇಡ, ಟ್ಯೂಷನ್ನಂತೂ ಖಂಡಿತ ಬೇಡ. ದಿನವಿಡೀ ಬಿಗಿಹಿಡಿದುಕೊಂಡಿದ್ದ ಮಗು ಮನೆಯ ಹೊಸ್ತಿಲಲ್ಲಿ ಸಡಿಲಿ ಅಳುವುದುಂಟು. ಶಾಲೆಯಲ್ಲಿ ಚೆನ್ನಾಗಿರುತ್ತಾನೆ, ನಿಮ್ಮಲ್ಲಿಯೇ ಏನೋ ಸರಿಯಿಲ್ಲ ಎಂದು ಶಿಕ್ಷಕರು ಹೇಳಿದರೆ ಈ ಕಾರಣವನ್ನು ತಿಳಿಸಬೇಕು.

ಇನ್ನೊಂದು ಮಾತು. ಮಗು ಆಟಿಕೆ ನೋಡುತ್ತಿರುವಾಗ ಮೆಲ್ಲನೆ ಜಾರಿಕೊಳ್ಳುವುದು ನಮ್ಮ ಎಲ್ಲ ಪಾಲಕರ ಹಳೆಯ ಚಾಳಿ. ಈ ಮಕ್ಕಳ ವಿಷಯದಲ್ಲಿ ಅದು ದೊಡ್ಡ ಅಪರಾಧ. ‘ಈಗ ಬರುತ್ತೇನೆ’ ಎಂಬ ಸುಳ್ಳೂ ಬೇಡ. ‘ಡಬ್ಬಿ ಆದ ಮೇಲೆ ಅಮ್ಮ’ ಎಂದು ಹೇಳಿ, ಹೇಳಿದ ಹೊತ್ತಿಗೆ ಅಲ್ಲಿ ಇರಬೇಕು.

ಮಗುವಿನ ಜೊತೆಗೆ ಕೂರಲು ಪ್ರತ್ಯೇಕ ಸಹಾಯಕಿಯನ್ನು ಪಾಲಕರೇ ಖರ್ಚು ಹಾಕಿ ತರಬೇಕೆಂದು ಕೆಲವು ಶಾಲೆಗಳು ಹೇಳುತ್ತವೆ. ಆರಂಭದಲ್ಲಿ ಇದರಿಂದ ಉಪಕಾರವಾಗುವುದು ನಿಜ. ಆದರೆ ತರಗತಿಯ ಶಿಕ್ಷಕಿ ಮಗುವನ್ನು ಪೂರ್ತಿಯಾಗಿ ಸಹಾಯಕಿಗೆ ಒಪ್ಪಿಸಿಬಿಡುವ ಅಪಾಯವಿದೆ. ಮಗು ತರಗತಿಯಲ್ಲಿದ್ದೂ ಇಲ್ಲದಂತಾಗುತ್ತದೆ. ಸಹಾಯಕಿ ತಿಂಗಳು ತಿಂಗಳಿಗೆ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿರಬೇಕೆಂಬುದು ನನ್ನ ಅಭಿಪ್ರಾಯ.

ಯಾವ ಭಾಷೆಯಲ್ಲಿ?

ಮುಂಬಯಿ ಕನ್ನಡಿಗರಿಗೆ ಮಾತ್ರ ಇರುವಂಥ ಒಂದು ಕಷ್ಟವನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ಕನ್ನಡ ಅಥವಾ ತುಳು, ಅಂಗಡಿಯಲ್ಲಿ ಹಿಂದಿ, ಮೆಟ್ಟಿಲ ಮೇಲೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮಾತು ತಡವಾದ ಮಗುವನ್ನು ಕಂಡು, ಮನೆಯ ಭಾಷೆಯನ್ನು ಬಿಟ್ಟು ಶಾಲೆಯ ಭಾಷೆಯೊಂದನ್ನೇ ಆಡಿರಿ ಎಂದು ಸಲಹೆ ಕೊಡುವವರು ಇಂದಿಗೂ ಇದ್ದಾರೆ. ನಮಗೂ ಕೊಟ್ಟರು, ಎಂಟು ತಿಂಗಳು ಪಾಲಿಸಿದೆವು. ಆ ಎಂಟು ತಿಂಗಳು ನನ್ನ ತಾಯಿ ತನ್ನ ಮೊಮ್ಮಗನೊಡನೆ ಮಾತನ್ನೇ ಆಡಲಿಲ್ಲ. ಅವಳಿಗೆ ಇಂಗ್ಲಿಷ್ ಬಾರದು. ನನ್ನ ಹೆಂಡತಿಯ ಇಂಗ್ಲಿಷಿನಲ್ಲಿ ಲಾಲಿಯಿಲ್ಲ, ಕೋಪವಿಲ್ಲ, ತಮಾಷೆಯಿಲ್ಲ.

ಎರಡು ಭಾಷೆಗಳಿಂದ ಆಟಿಸಂ ಉಳ್ಳ ಮಗುವಿನ ಮಾತು ಇನ್ನಷ್ಟು ಹಿಂದೆ ಬೀಳುತ್ತದೆಯೇ ಎಂಬುದನ್ನು ಕೆನಡಾ, ಅಮೆರಿಕ ಮೊದಲಾದ ದೇಶಗಳಲ್ಲಿ, ವಲಸೆ ಬಂದ ಕುಟುಂಬಗಳನ್ನೇ ನೋಡಿ ಪರೀಕ್ಷಿಸಿದ್ದಾರೆ. ಒಂದೇ ಭಾಷೆ ಕೇಳಿ ಬೆಳೆದವರಿಗಿಂತ ಎರಡು ಭಾಷೆ ಕೇಳಿ ಬೆಳೆದವರು ಹಿಂದುಳಿದುದು ಕಂಡುಬಂದಿಲ್ಲ. ಆದುದರಿಂದ ಮನೆಯ ಕನ್ನಡವನ್ನು ಬಿಡಬೇಕಾಗಿಲ್ಲ.

ಮಾಡಬೇಕಾದುದು ಬೇರೆ. ಶಾಲೆಯಲ್ಲಿ ದಿನವೂ ಕಿವಿಗೆ ಬೀಳುವ ಹತ್ತು ಹನ್ನೆರಡು ಆಜ್ಞೆಗಳನ್ನು, ಕುಳಿತುಕೋ, ಸಾಲಿನಲ್ಲಿ ನಿಲ್ಲು, ಪುಸ್ತಕ ತೆರೆ ಇತ್ಯಾದಿ, ಶಾಲೆಯ ಭಾಷೆಯಲ್ಲಿಯೇ, ಚಿತ್ರದೊಡನೆ ಮನೆಯಲ್ಲಿ ರೂಢಿ ಮಾಡಿಸಬೇಕು. ಮಗುವಿನ ಕನ್ನಡ ಪದಗಳ ಪಟ್ಟಿಯೊಂದನ್ನು ಶಿಕ್ಷಕಿಗೂ ಮಾವಶಿಗೂ ಕೊಡಬೇಕು. ನೀರು, ಬೇಡ, ಸಾಕು, ಒಂದಕ್ಕೆ, ನೋವು. ನಮ್ಮವನು ಒಮ್ಮೆ ‘ಸಾಕು, ಸಾಕು’ ಎಂದು ಕೂಗಿದಾಗ ಮಾವಶಿ ‘ಚಾಕು’ ಎಂದು ಕೇಳಿಸಿಕೊಂಡು ಗಾಬರಿಯಿಂದ ಅವನ ಚೀಲವನ್ನೆಲ್ಲ ಹುಡುಕಿದಳಂತೆ. ಪಟ್ಟಿ ಕೊಟ್ಟ ಮರುವಾರದಿಂದ ಆಕೆಯೇ ಅವನಿಗೆ ‘ನೀರು ಬೇಕಾ’ ಎಂದು ಕೇಳತೊಡಗಿದಳು. ಮಾತೇ ಇಲ್ಲದ ಮಗುವಿಗೆ ಇವೇ ಐದಾರು ಪದಗಳ ಚಿತ್ರಗಳನ್ನು ಕೊರಳ ದಾರದಲ್ಲಿ ಕಟ್ಟಿಕೊಡಬಹುದು. ಬೊಟ್ಟು ಮಾಡಿ ತೋರಿಸಿದರೆ ಆಯಿತು.

ಚಾರ್ಜ್ ಪತ್ರ

ಬ್ಯಾಂಕಿನಲ್ಲಿ ಒಂದು ಶಾಖೆಯ ಅಧಿಕಾರಿ ವರ್ಗವಾದಾಗ, ಹೊಸಬನಿಗೆ ಚಾರ್ಜ್ ಒಪ್ಪಿಸದೆ ಹೋಗುವಂತಿಲ್ಲ. ತಿಜೋರಿಯ ಕೀಲಿ, ನಗದು, ಬಾಕಿ ಕೆಲಸ, ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಆದರೆ ಒಂದು ವರ್ಷವಿಡೀ ಮಗುವನ್ನು ಅರಿತ ಶಿಕ್ಷಕಿ ಏಪ್ರಿಲಿನಲ್ಲಿ ಅದನ್ನು ಬಿಟ್ಟುಕೊಡುವಾಗ ಒಂದು ಚೀಟಿಯೂ ಕೈ ಬದಲಾಗುವುದಿಲ್ಲ. ಹೊಸ ಶಿಕ್ಷಕಿ ಜೂನಿನಲ್ಲಿ ಶೂನ್ಯದಿಂದ ಆರಂಭಿಸಬೇಕು. ಈ ಯೋಚನೆ ಬಂದ ಮೇಲೆ ಹಳೆಯ ಶಿಕ್ಷಕಿಯನ್ನು ಕೇಳಿಕೊಂಡು ಒಂದು ಪುಟದ ಪತ್ರವನ್ನು ಸಿದ್ಧಪಡಿಸಿದೆವು. ಒಂದೇ ಪುಟ, ಐವತ್ತು ಮಕ್ಕಳಿರುವ ಶಿಕ್ಷಕಿಗೆ ಎರಡನೆಯ ಪುಟ ಓದಲು ಬಿಡುವಿಲ್ಲ. ಅದರ ಸಾರ ಹೀಗಿತ್ತು:

“ಇವನಿಗೆ ಗಂಟೆಯ ಸದ್ದು ನೋವು ಕೊಡುತ್ತದೆ. ಒಂದು ನಿಮಿಷ ಮುಂಚೆ ಹೇಳಿದರೆ ತಾನೇ ಕಿವಿ ಮುಚ್ಚಿಕೊಳ್ಳುತ್ತಾನೆ. ಫ್ಯಾನಿನಿಂದ ದೂರ, ಗೋಡೆಯ ಬದಿಗೆ ಕೂರಿಸಿರಿ. ಕಣ್ಣಿಗೆ ಕಣ್ಣಿಟ್ಟು ನೋಡೆಂದು ಒತ್ತಾಯಿಸಬೇಡಿರಿ; ನೋಡದೆಯೂ ಕೇಳುತ್ತಿರುತ್ತಾನೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಹತ್ತು ಎಣಿಸುವಷ್ಟು ಕಾಯಿರಿ. ಕೈಗಳನ್ನು ಬೀಸುವುದು ಸಂತೋಷಕ್ಕೂ ಹೌದು, ಹೆದರಿಕೆಗೂ ಹೌದು, ತಡೆಯಬೇಡಿರಿ. ನಿಲ್ದಾಣಗಳ ಹೆಸರು ಹೇಳತೊಡಗಿದರೆ ಸಾಕಾಗಿದೆ ಎಂದು ಅರ್ಥ. ಐದು ನಿಮಿಷ ಗ್ರಂಥಾಲಯಕ್ಕೆ ಕಳುಹಿಸಿರಿ. ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. ಪಕ್ಕದಲ್ಲಿ ಹೆಚ್ಚು ಮಾತಾಡದ ಮಗು ಇದ್ದರೆ ಒಳ್ಳೆಯದು.”

ಕೊನೆಗಿಂತ ಹಿಂದಿನ ಸಾಲನ್ನು ಬೇಕೆಂದೇ ಬರೆದೆವು. ದೋಷಗಳ ಪಟ್ಟಿಯಾಗಿಯೇ ಮಗು ಹೊಸ ತರಗತಿಗೆ ಹೋಗಬಾರದು.

ಕಾನೂನು ಮತ್ತು ಸೌಲಭ್ಯ

ಈ ಮಕ್ಕಳಿಗೆ ಪ್ರವೇಶ ನಿರಾಕರಿಸುವ ಅಧಿಕಾರ ಯಾವ ಮಾನ್ಯತೆ ಪಡೆದ ಶಾಲೆಗೂ ಇಲ್ಲವೆಂಬುದನ್ನು ಪಾಲಕರು ತಿಳಿದಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಅನ್ನು ಸೇರಿಸಿದೆ. ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕು ಎಂದು ವಿಧಿಸಿದೆ. ವೈಕಲ್ಯ ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ, ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಉಚಿತ ಶಿಕ್ಷಣದ ಹಕ್ಕಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೂ ಮೊದಲ ಭೇಟಿಯಲ್ಲಿಯೇ ಕಾಯಿದೆಯ ಪ್ರತಿಯನ್ನು ಮೇಜಿನ ಮೇಲೆ ಇಡುವುದು ಜಾಣತನವಲ್ಲ. ಅದು ಚೀಲದಲ್ಲಿರಲಿ.

ಪ್ರಮಾಣಪತ್ರ ಪಡೆಯಲು ಅನೇಕರು ಅಳುಕುತ್ತಾರೆ. ಲೆಕ್ಕದವನಾಗಿ ನಾನು ಹೇಳುವುದು: ಪಡೆಯಿರಿ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ದೊರೆಯುತ್ತದೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ. ಅಂಗವಿಕಲ ಮಗುವಿನ ಆರೈಕೆ ಹೊತ್ತ ಕೇಂದ್ರ ಸರಕಾರಿ ನೌಕರರನ್ನು ವಾಡಿಕೆಯ ವರ್ಗಾವಣೆಯಿಂದ ಬಿಡಬಹುದೆಂಬ ಆದೇಶ 2014ರಲ್ಲಿ ಹೊರಟಿತು. ಬ್ಯಾಂಕುಗಳಲ್ಲಿ, ಕಂಪನಿಗಳಲ್ಲಿ ಇರುವವರು ತಮ್ಮ ಸಂಸ್ಥೆಯ ನಿಯಮವನ್ನು ಒಮ್ಮೆ ವಿಚಾರಿಸಿ ನೋಡಬೇಕು. ತಂದೆಯ ವರ್ಗಾವಣೆಯೆಂದರೆ ಮಗುವಿಗೆ ಮತ್ತೊಂದು ಹೊಸ ತರಗತಿ.

ಪರೀಕ್ಷೆ, ಸಲಹೆಗಳಿಗೆ ಈ ನಗರದಲ್ಲಿ ಒಳ್ಳೆಯ ಸ್ಥಳಗಳಿವೆ. 1944ರಲ್ಲಿ ಆರಂಭವಾದ ಶಿವಡಿಯ ಜೈ ವಕೀಲ್ ಸಂಸ್ಥೆ, 1983ರಿಂದ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆ, 2001ರಲ್ಲಿ ಹುಟ್ಟಿದ ಉಮ್ಮೀದ್ ಮಕ್ಕಳ ಬೆಳವಣಿಗೆ ಕೇಂದ್ರ ಇವು ಕೆಲವು. ಮಗುವಿಗೆ ಕನ್ನಡವಷ್ಟೇ ಬರುವುದಾದರೆ, ಕನ್ನಡದಲ್ಲಿಯೇ ಪರೀಕ್ಷಿಸುವುದು ನ್ಯಾಯ. ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೋ ತೋರಿಸಬಹುದು. ರಜೆಯ ಒಂದು ವಾರ ಅದಕ್ಕೆ ಮೀಸಲಾಗಲಿ.

ನಮ್ಮ ಮಗ ಈಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ಪ್ರಾರ್ಥನೆಯ ಧ್ವನಿವರ್ಧಕ ಇನ್ನೂ ಒಗ್ಗಿಲ್ಲ. ಆ ಹೊತ್ತು ಅವನು ಮಾವಶಿಯೊಡನೆ ಮೇಲಿನ ಮಹಡಿಯಲ್ಲಿರುತ್ತಾನೆ. ಪ್ರತಿ ಏಪ್ರಿಲಿನಲ್ಲಿ ಚಾರ್ಜ್ ಪತ್ರವನ್ನು ಹೊಸದಾಗಿ ಬರೆಯುತ್ತೇವೆ. ಈ ವರ್ಷ ಅದನ್ನು ಅವನಿಗೆ ಓದಿ ಹೇಳಿದಾಗ, ಫ್ಯಾನಿನ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಕೆಳಗೆ ತಾನೇ ಕನ್ನಡದಲ್ಲಿ ಬರೆದನು: “ಕಿಟಕಿ ಬೇಕು. ರೈಲು ಕಾಣುತ್ತದೆ.”